ಹೃದಯಾಘಾತದ ವೇಷ ತೊಟ್ಟ ಬೇನೆಗಳು



ಸೇಡಂ ತಾಲ್ಲೂಕಿನ ಕೋಡ್ಲಾದಿಂದ ಹಿಡಿದು ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯವರೆಗಿನ ಈ ಸೀಮೆಯಲ್ಲಿ ಯಾವುದಾದರೊಂದು ಮನೆಯ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಜನ ಸೇರಿದ್ದನ್ನು ಕಂಡು, ಏನಾಯಿತೆಂದು ವಿಚಾರಿಸಿ ನೋಡಿ. ಹತ್ತರಲ್ಲಿ ಆರು ಬಾರಿಯಾದರೂ ‘ಹಾರ್ಟ್ ಅಟ್ಯಾಕ್ ಆಯ್ತಂತ’ ಎಂಬ ಉತ್ತರವೇ ದೊರೆಯುತ್ತದೆ. ವೈದ್ಯರು ನೋಡಿ ಹೇಳಿದ್ದೋ, ನೆರೆಯವರು ಊಹಿಸಿ ಹೇಳಿದ್ದೋ ಎಂದು ಯಾರೂ ಮರಳಿ ಕೇಳುವುದಿಲ್ಲ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಇಂಥ ಸಾವಿಗೆ ‘ಎದೆ ಹಿಡಿಯಿತು’ ಎನ್ನುತ್ತಿದ್ದರು. ಮಗನನ್ನೋ ಗಂಡನನ್ನೋ ಕಳೆದುಕೊಂಡವಳು ಅದೇ ಕೊರಗಿನಲ್ಲಿ ತೀರಿಕೊಂಡರೆ ‘ಎದೆಯೊಡೆದು ಸತ್ತಳು’ ಎನ್ನುತ್ತಿದ್ದರು. ಇಂದು ಇವೆಲ್ಲಕ್ಕೂ ಒಂದೇ ಹೆಸರು ಸಾಕಾಗಿದೆ.

ಅದೇ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತೂ ಕೇಳಿಬರುತ್ತದೆ. ಮನೆಯ ಯಜಮಾನನು ನಡುರಾತ್ರಿ ಎದ್ದು ಕುಳಿತು ಎದೆಯನ್ನು ಒತ್ತಿಕೊಳ್ಳುತ್ತಿದ್ದರೆ ‘ಏನಿಲ್ಲ, ಗ್ಯಾಸ್ ಆಗ್ಯದ’ ಎಂದು ಅಜವಾನದ ನೀರನ್ನೋ ಸೋಡಾವನ್ನೋ ಕುಡಿಸಿ ಮಲಗಿಸುತ್ತೇವೆ. ಹೀಗೆ ಹೃದಯಾಘಾತವಲ್ಲದ್ದನ್ನು ಹೃದಯಾಘಾತವೆಂದೂ, ಹೃದಯಾಘಾತವನ್ನು ಬೇರೇನೋ ಎಂದೂ ತಿಳಿಯುವುದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಜಗತ್ತಿನ ಶ್ರೇಷ್ಠ ವೈದ್ಯರೂ ಎರಡೂವರೆ ಶತಮಾನಗಳ ಕಾಲ ಈ ಗೊಂದಲದೊಡನೆ ಹೆಣಗಿದ್ದಾರೆ. ಆ ಹೆಣಗಾಟದ ಚರಿತ್ರೆಯನ್ನು ಅರಿತರೆ ನಮ್ಮ ಮನೆಯ ನಡುರಾತ್ರಿಯ ನಿರ್ಧಾರಗಳು ಸ್ವಲ್ಪ ತಿಳಿಯಾಗಬಹುದು. ಆ ಚರಿತ್ರೆಯ ಒಂದು ಮಹತ್ವದ ಅಧ್ಯಾಯಕ್ಕೂ ನಮ್ಮ ಕಲ್ಲುನೆಲಕ್ಕೂ ನಿಕಟ ನಂಟಿದೆ ಎಂಬುದು ನಿಮಗೆ ಅಚ್ಚರಿಯೆನಿಸೀತು.

ಹೆಸರು ಬಂದ ಬಗೆ

1768ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ವಿಲಿಯಂ ಹೆಬರ್ಡನ್ ಎಂಬ ವೈದ್ಯರು ಎದೆಯ ಒಂದು ವಿಚಿತ್ರ ಬೇನೆಯನ್ನು ವಿವರಿಸಿದರು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಎದೆಯನ್ನು ಹಿಸುಕಿದಂತೆ ಬಂದು, ನಿಂತೊಡನೆ ಮಾಯವಾಗುವ ನೋವದು. ಅವರು ಅದಕ್ಕೆ ‘ಆಂಜೈನಾ ಪೆಕ್ಟೋರಿಸ್’ ಎಂದು ಹೆಸರಿಟ್ಟರು. 1772ರಲ್ಲಿ ಆ ಬರಹ ಅಚ್ಚಾಯಿತು. ಆದರೆ ನೋವಿನ ಮೂಲವು ಹೃದಯದ ರಕ್ತನಾಳಗಳಲ್ಲಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಮುಂದೆ ಸುಮಾರು 140 ವರ್ಷಗಳವರೆಗೆ, ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪರಿಧಮನಿಯು ಒಮ್ಮೆಲೇ ಮುಚ್ಚಿಹೋದರೆ ಮನುಷ್ಯನು ಕ್ಷಣಾರ್ಧದಲ್ಲಿ ಸಾಯುತ್ತಾನೆ ಎಂಬುದೇ ಬಹುಪಾಲು ವೈದ್ಯರ ನಂಬಿಕೆಯಾಗಿತ್ತು. ಆದ್ದರಿಂದ ಎದೆನೋವು ಬಂದು ಎರಡು ದಿನ ಬದುಕಿ ಸತ್ತವನಿಗೆ ‘ತೀವ್ರ ಅಜೀರ್ಣ’ ಎಂಬ ಕಾರಣವನ್ನು ಬರೆಯುವುದು ರೂಢಿಯಲ್ಲಿತ್ತು. 1910ರಲ್ಲಿ ಕೀವ್ ನಗರದ ಒಬ್ರಾಜ್ತ್ಸೋವ್ ಮತ್ತು ಸ್ತ್ರಾಜೆಸ್ಕೊ ಎಂಬಿಬ್ಬರು ವೈದ್ಯರು ಈ ನಂಬಿಕೆಯನ್ನು ಪ್ರಶ್ನಿಸಿದರು. 1912ರಲ್ಲಿ ಷಿಕಾಗೋ ನಗರದ ಜೇಮ್ಸ್ ಹೆರಿಕ್ ಅವರು ಊಟವಾದ ಮೇಲೆ ನೋವಿಗೆ ತುತ್ತಾಗಿ 52 ಗಂಟೆಗಳ ಕಾಲ ಬದುಕಿದ್ದ 55 ವರ್ಷದ ರೋಗಿಯೊಬ್ಬನ ವೃತ್ತಾಂತವನ್ನು ಮುಂದಿಟ್ಟು, ಪರಿಧಮನಿ ಮುಚ್ಚಿದವರೆಲ್ಲರೂ ಒಡನೆಯೇ ಸಾಯುವುದಿಲ್ಲ, ಬದುಕುಳಿಯುವವರೂ ಇದ್ದಾರೆ ಎಂದು ತೋರಿಸಿದರು. ಇಂದು ನಾವು ಹೃದಯಾಘಾತವೆಂದು ಕರೆಯುವ ರೋಗವು ಜೀವಂತ ರೋಗಿಯಲ್ಲಿ ಗುರುತಿಸಬಹುದಾದ ರೋಗವಾದದ್ದು ಹೀಗೆ. ಇದಕ್ಕೆ ನೂರು ವರ್ಷಕ್ಕಿಂತ ತುಸು ಹೆಚ್ಚಿನ ಆಯಸ್ಸು ಮಾತ್ರ ಆಗಿದೆ.

ಗುರುತಿಸುವ ಸಾಧನವೂ ಅದೇ ಕಾಲದಲ್ಲಿ ಬೆಳೆಯಿತು. ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂತೋವೆನ್ ಅವರು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಹೃದಯದ ವಿದ್ಯುತ್ ಮಿಡಿತವನ್ನು ಬರೆದು ತೋರಿಸುವ ಯಂತ್ರವನ್ನು ನಿರ್ಮಿಸಿದರು. ಅದೇ ನಮ್ಮ ಇಂದಿನ ಇಸಿಜಿಯ ಪೂರ್ವಜ. ಆ ಯಂತ್ರವು ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾಗಿತ್ತು. ಅದನ್ನು ರೋಗಿಯ ಬಳಿಗೆ ಒಯ್ಯಲಾಗುತ್ತಿರಲಿಲ್ಲ. ಆದ್ದರಿಂದ 1905ರಲ್ಲಿ ಅವರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೂಲಕ ತಮ್ಮ ಪ್ರಯೋಗಶಾಲೆಗೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಈ ಟೆಲಿಫೋನ್ ತಂತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಲೇಖನದ ಕೊನೆಯಲ್ಲಿ ಅದು ನಮ್ಮ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದು ಮುಟ್ಟಲಿದೆ.

ಯಂತ್ರ ಬಂದ ಮಾತ್ರಕ್ಕೆ ತಪ್ಪು ತಿಳಿವಳಿಕೆ ನಿಲ್ಲಲಿಲ್ಲ. 1955ರ ಸೆಪ್ಟೆಂಬರ್ 24ರ ಮುಂಜಾವಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಡೆನ್ವರ್ ನಗರದಲ್ಲಿ ಎದೆನೋವು ಬಂತು. ಹಿಂದಿನ ದಿನ ಅವರು ಹಸಿ ಈರುಳ್ಳಿ ಸೇರಿಸಿದ ತಿಂಡಿಯನ್ನು ತಿಂದಿದ್ದರು. ಅಧ್ಯಕ್ಷರಿಗೆ ಅಜೀರ್ಣವಾಗಿದೆ ಎಂದು ಪತ್ರಕರ್ತರಿಗೆ ಮೊದಲು ತಿಳಿಸಲಾಯಿತು. ಆ ಮಧ್ಯಾಹ್ನ ಇಸಿಜಿ ತೆಗೆದಾಗ ಅದು ಹೃದಯಾಘಾತವೆಂದು ಖಚಿತವಾಯಿತು. ಜಗತ್ತಿನ ಅತಿ ಬಲಿಷ್ಠ ರಾಷ್ಟ್ರದ ಅಧ್ಯಕ್ಷರ ಹೃದಯಾಘಾತಕ್ಕೇ ಒಂದು ಮುಂಜಾನೆಯೆಲ್ಲ ಅಜೀರ್ಣದ ಹೆಸರು ಅಂಟಿಕೊಂಡಿತ್ತೆಂದ ಮೇಲೆ, ನಮ್ಮ ಮನೆಯ ಅಜವಾನದ ನೀರನ್ನು ಕುರಿತು ನಾವು ಎಷ್ಟು ಎಚ್ಚರದಿಂದಿರಬೇಕು, ನೀವೇ ಯೋಚಿಸಿ.

ವೇಷಧಾರಿಗಳು

ಇನ್ನು ಹೃದಯಾಘಾತವಲ್ಲದಿದ್ದರೂ ಅದರಂತೆಯೇ ತೋರುವ ಬೇನೆಗಳ ಕಡೆಗೆ ಬರೋಣ. ಇವುಗಳಲ್ಲಿ ಕೆಲವು ನಿರಪಾಯಕಾರಿ, ಕೆಲವು ಹೃದಯಾಘಾತಕ್ಕಿಂತಲೂ ಭಯಂಕರ.

ಭಯಂಕರವಾದದ್ದನ್ನೇ ಮೊದಲು ನೋಡೋಣ. 1760ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ ತಮ್ಮ ಅರಮನೆಯಲ್ಲಿ ಹಠಾತ್ತನೆ ಕುಸಿದು ಮೃತರಾದರು. ವೈದ್ಯ ಫ್ರಾಂಕ್ ನಿಕೋಲ್ಸ್ ಅವರು ಶವಪರೀಕ್ಷೆ ನಡೆಸಿದಾಗ ಹೃದಯವನ್ನು ಸುತ್ತುವರಿದ ಚೀಲದ ತುಂಬ ರಕ್ತ ಹೆಪ್ಪುಗಟ್ಟಿತ್ತು. ಹೃದಯದಿಂದ ಹೊರಡುವ ಮಹಾಧಮನಿಯ ಒಳಪದರವು ಸೀಳಿತ್ತು. ಈ ಸೀಳಿಕೆ ಇಂದಿಗೂ ಎದೆನೋವಿನ ರೂಪದಲ್ಲಿಯೇ ಬರುತ್ತದೆ. ಹರಿದಂತೆ, ಬೆನ್ನಿಗೆ ಇರಿದಂತೆ ಇರುವ ಆ ನೋವನ್ನು ಹೃದಯಾಘಾತವೆಂದು ತಿಳಿದು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ, ಪ್ರಾಣ ಉಳಿಸಬೇಕಾದ ಮದ್ದೇ ಪ್ರಾಣಕ್ಕೆ ಎರವಾಗಬಹುದು. ಔಷಧದ ಅಂಗಡಿಯಿಂದ ತಂದ ಮಾತ್ರೆಯನ್ನು ನೆರೆಯವರ ಮಾತು ಕೇಳಿ ನುಂಗುವ ಮುನ್ನ ವೈದ್ಯರ ಮಾತು ಕೇಳಬೇಕೆನ್ನುವುದು ಇದಕ್ಕಾಗಿಯೇ. ಈ ಬೇನೆ ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವುದೂ ಉಂಟು. ತಂದೆಯ ಸಾವಿಗೆ ‘ಹಾರ್ಟ್ ಅಟ್ಯಾಕ್’ ಎಂಬ ಹೆಸರನ್ನು ಸುಮ್ಮನೆ ಅಂಟಿಸಿಬಿಟ್ಟರೆ, ಮಕ್ಕಳು ತಮ್ಮ ಮಹಾಧಮನಿಯನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತೆಂಬುದು ಎಂದೂ ತಿಳಿಯದೆ ಹೋಗಬಹುದು.

ಎರಡನೆಯದು ಯುದ್ಧಭೂಮಿಯಿಂದ ಬಂದದ್ದು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಎದೆನೋವು, ಎದೆಬಡಿತ, ಉಬ್ಬಸ ಬರುತ್ತಿದ್ದವು. ಆದರೆ ಹೃದಯದಲ್ಲಿ ದೋಷವೇನೂ ಕಾಣುತ್ತಿರಲಿಲ್ಲ. ಜೇಕಬ್ ದ ಕೋಸ್ಟಾ ಎಂಬ ವೈದ್ಯರು 1871ರಲ್ಲಿ ಇದನ್ನು ವಿವರವಾಗಿ ಬರೆದರು. ‘ಸೈನಿಕನ ಹೃದಯ’ ಎಂಬ ಹೆಸರೂ ಇದಕ್ಕೆ ಬಂತು. ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಇದೇ ದೂರಿನೊಡನೆ ಆಸ್ಪತ್ರೆಗೆ ಬಂದರು. ಭಯ, ಬಳಲಿಕೆ, ಅತಿಯಾದ ಆತಂಕ ಇವು ಹೃದಯರೋಗವನ್ನು ಎಷ್ಟು ಚೆನ್ನಾಗಿ ಅನುಕರಿಸಬಲ್ಲವೆಂಬುದನ್ನು ವೈದ್ಯಲೋಕವು ಅಲ್ಲಿ ಕಲಿಯಿತು. ಅವರ ನೋವು ಸುಳ್ಳಾಗಿರಲಿಲ್ಲ ಎಂಬುದನ್ನೂ ಕಲಿಯಿತು. ಸಾಲ, ಪರೀಕ್ಷೆ, ಮನೆಯ ಜಗಳಗಳಿಂದ ನಲುಗಿ ಎದೆ ಹಿಡಿದುಕೊಂಡು ಕೂರುವ ಮಗಳನ್ನೋ ಸೊಸೆಯನ್ನೋ ‘ನಾಟಕ ಮಾಡುತ್ತಾಳೆ’ ಎಂದು ಜರೆಯುವವರು ಇದನ್ನು ಗಮನಿಸಬೇಕು.

1921ರಲ್ಲಿ ಅಲೆಕ್ಸಾಂಡರ್ ಟೀಟ್ಸೆ ಎಂಬ ಜರ್ಮನ್ ಶಸ್ತ್ರವೈದ್ಯರು ಪಕ್ಕೆಲುಬು ಎದೆಯ ಮೂಳೆಗೆ ಕೂಡುವಲ್ಲಿನ ಮೃದ್ವಸ್ಥಿಯು ಬಾತುಕೊಂಡು ನೋಯುವುದನ್ನು ವರ್ಣಿಸಿದರು. 1930ರಲ್ಲಿ ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದಲ್ಲಿ ಎದೆಯನ್ನು ಹಿಡಿದು ಹಿಂಡುವ ನೋವಿನ ಸಾಂಕ್ರಾಮಿಕವೊಂದನ್ನು ಎಜ್ನರ್ ಸಿಲ್ವೆಸ್ಟ್ ಎಂಬ ವೈದ್ಯರು ಗಮನಿಸಿದರು. ಅದಕ್ಕೆ ಆ ದ್ವೀಪದ ಹೆಸರೇ ನಿಂತಿತು. ಕಾಕ್ಸಾಕೀ ಎಂಬ ಗುಂಪಿನ ವೈರಾಣುಗಳು ಅದಕ್ಕೆ ಕಾರಣವೆಂಬುದು ಆಮೇಲೆ ಬೆಳಕಿಗೆ ಬಂತು. ಈ ಎರಡು ಬೇನೆಗಳೂ ಸಾಮಾನ್ಯವಾಗಿ ತಾವಾಗಿಯೇ ಇಳಿದುಹೋಗುತ್ತವೆ. ಆದರೆ ಎದೆಯನ್ನು ಒತ್ತಿದಾಗ ನೋವಾಯಿತೆಂಬ ಒಂದೇ ಕಾರಣಕ್ಕೆ ‘ಇದು ಮೂಳೆಯ ನೋವು’ ಎಂದು ಮನೆಯಲ್ಲಿ ತೀರ್ಮಾನಿಸಲಾಗದು. ನಿಜವಾದ ಹೃದ್ರೋಗಿಗಳಲ್ಲಿಯೂ ಕೆಲವೊಮ್ಮೆ ಹಾಗೆ ಆಗುವುದುಂಟು.

ಎದೆಯೊಡೆದವರ ಹೃದಯ

ಈಗ ನಮ್ಮ ಹಿರಿಯರ ಮಾತಿಗೆ ಮರಳೋಣ. ‘ಎದೆಯೊಡೆದು ಸತ್ತಳು’ ಎಂಬುದನ್ನು ಓದುಬರಹ ಬಲ್ಲವರು ಬಹುಕಾಲ ಕವಿಯ ಮಾತೆಂದೇ ತಿಳಿದಿದ್ದರು. 1990ರಲ್ಲಿ ಜಪಾನಿನ ಹಿರೋಷಿಮಾ ನಗರದ ಹಿಕಾರು ಸಾತೋ ಮತ್ತು ಅವರ ಸಂಗಡಿಗರು ಕೆಲವು ರೋಗಿಗಳ ವಿಷಯವನ್ನು ಪ್ರಕಟಿಸಿದರು. ಅವರಿಗೆ ಎದೆನೋವಿತ್ತು. ಇಸಿಜಿಯಲ್ಲಿ ಹೃದಯಾಘಾತದ ಗುರುತುಗಳಿದ್ದವು. ಆದರೆ ಪರಿಧಮನಿಗಳಲ್ಲಿ ನೋವಿಗೆ ಕಾರಣವಾಗುವಂಥ ತಡೆ ಇರಲಿಲ್ಲ. ಹೃದಯದ ಎಡ ಕೋಣೆಯ ತುದಿಯು ಮಾತ್ರ ಉಬ್ಬಿ, ಕತ್ತು ಕಿರಿದಾಗಿ, ಗಡಿಗೆಯಂತಾಗಿತ್ತು. ಜಪಾನಿನ ಬೆಸ್ತರು ಅಷ್ಟಪದಿಯನ್ನು ಹಿಡಿಯಲು ಕಡಲಿಗಿಳಿಸುವ ಗಡಿಗೆಗೆ ‘ಟಾಕೋತ್ಸುಬೊ’ ಎನ್ನುತ್ತಾರೆ. ಬೇನೆಗೂ ಅದೇ ಹೆಸರಾಯಿತು.

ಈ ಬೇನೆಗೆ ತುತ್ತಾಗುವವರಲ್ಲಿ ಬಹುಪಾಲು ಮುಟ್ಟು ನಿಂತ ವಯಸ್ಸಿನ ಹೆಂಗಸರು. ಗಂಡನ ಸಾವು, ಮಕ್ಕಳ ಅಪಘಾತದ ಸುದ್ದಿ, ಕಳ್ಳತನ, ಜಗಳ, ಭೂಕಂಪ ಇಂಥ ಆಘಾತಗಳ ಬೆನ್ನಿಗೇ ಇದು ಬರುವುದುಂಟು. 2004ರ ಅಕ್ಟೋಬರ್‌ನಲ್ಲಿ ಜಪಾನಿನ ನೀಗಾತ ಪ್ರಾಂತದಲ್ಲಿ ಭೂಕಂಪವಾದ ಮೇಲೆ ಅಲ್ಲಿನ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳ ಸಂಖ್ಯೆ ಏರಿತ್ತು. ದುಃಖ ಅಥವಾ ಭಯದ ಕ್ಷಣದಲ್ಲಿ ದೇಹವು ರಕ್ತಕ್ಕೆ ಸುರಿಯುವ ಅಡ್ರಿನಲಿನ್ ಮೊದಲಾದ ಸ್ರಾವಗಳ ಪ್ರವಾಹದಿಂದ ಹೃದಯದ ಸ್ನಾಯು ಮಂಕಾಗುತ್ತದೆ ಎಂಬುದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಆರೈಕೆ ದೊರೆಯದೆ ಹೋದರೆ ಪ್ರಾಣಾಪಾಯವೂ ಉಂಟು.

ಸಾವಿನ ಮನೆಯಲ್ಲಿ ಎಲ್ಲರ ಕಣ್ಣೂ ಸತ್ತವರ ಮೇಲಿರುತ್ತದೆ. ಮೂಲೆಯಲ್ಲಿ ಕುಳಿತ ವಿಧವೆ ‘ಎದೆ ಭಾರ ಆಗ್ಯದ, ಉಸಿರು ಕಟ್ಟಲತ್ಯಾದ’ ಎಂದರೆ ‘ಅತ್ತು ಅತ್ತು ಹಂಗಾಗ್ಯದ’ ಎಂದು ಸಮಾಧಾನ ಹೇಳಿ ಸುಮ್ಮನಾಗುತ್ತೇವೆ. ಅತ್ತದ್ದರಿಂದಲೇ ಆಗಿದ್ದರೂ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಈ ಚರಿತ್ರೆ ನಮಗೆ ಹೇಳುತ್ತದೆ.

ಕಲ್ಲಿನಡಿಯ ವೈರಿ

ದುಃಖವು ಹೃದಯವನ್ನು ತಲಪುವ ಆ ಹಾದಿಯಲ್ಲಿಯೇ ಇನ್ನೊಂದು ವಿಷವೂ ಸಾಗುತ್ತದೆ. ಅದು ನಮ್ಮ ನೆಲದ್ದು. ಕೋಡ್ಲಾ, ಸೇಡಂ, ಮಳಖೇಡ, ವಾಡಿ, ಶಹಾಬಾದ್ ಇವೆಲ್ಲ ಸುಣ್ಣಕಲ್ಲಿನ ಮೇಲೆ ನಿಂತ ಊರುಗಳು. ಈ ಕಲ್ಲಿನಿಂದಲೇ ಸಿಮೆಂಟ್ ಕಾರ್ಖಾನೆಗಳು ಬಂದವು. ಈ ಕಲ್ಲನ್ನೇ ಹಾಸಿ ನಮ್ಮ ಮನೆ ಅಂಗಳಗಳು ತಂಪಾದವು. ಖಣಿಯಲ್ಲಿ ಪದರು ಪದರಾಗಿ ಏಳುವ ಈ ಕಲ್ಲಿನ ಸಂದು, ಹೊಲದ ಬದುವಿನ ಕಲ್ಲುಗುಪ್ಪೆ, ಹಿತ್ತಿಲಲ್ಲಿ ಒಟ್ಟಿದ ತೊಗರಿ ಕಟ್ಟಿಗೆ ಇವೆಲ್ಲವೂ ಚೇಳಿಗೆ ಒಳ್ಳೆಯ ಮನೆಗಳು.

ಚೇಳುಗಳೆಲ್ಲ ಒಂದೇ ಅಲ್ಲ. ದೊಡ್ಡ ಕರಿಚೇಳು ಕಡಿದರೆ ನೋವು ಬಹಳ, ಆದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯ ಕಡಿಮೆ. ಬೆರಳುದ್ದದ ಕೆಂಪು ಚೇಳು ಹಾಗಲ್ಲ. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ಕಾಣುವ ಈ ಜಾತಿಯ ವಿಷವು ನರಗಳ ಮೇಲೆ ಕೆಲಸ ಮಾಡಿ, ದೇಹದಲ್ಲಿ ಅಡ್ರಿನಲಿನ್ ವರ್ಗದ ಸ್ರಾವಗಳ ಬಿರುಗಾಳಿಯನ್ನೇ ಎಬ್ಬಿಸುತ್ತದೆ. ವಾಂತಿ, ಮೈಯೆಲ್ಲ ತೊಯ್ಯುವಷ್ಟು ಬೆವರು, ತಣ್ಣಗಾದ ಕೈಕಾಲು, ಏರಿದ ರಕ್ತದೊತ್ತಡ ಇವು ಮೊದಲ ಲಕ್ಷಣಗಳು. ಅನಂತರ ಹೃದಯವು ಸೋತು, ಶ್ವಾಸಕೋಶದಲ್ಲಿ ನೀರು ತುಂಬಿ, ರೋಗಿಯು ಏದುಸಿರು ಬಿಡುತ್ತಾನೆ. ಇಸಿಜಿ ತೆಗೆದರೆ ಅದರಲ್ಲಿ ಹೃದಯಾಘಾತದಂಥ ಗೆರೆಗಳೇ ಕಾಣಬಹುದು. ಕತ್ತಲಲ್ಲಿ ಕಡಿದದ್ದು ಏನೆಂದು ತಿಳಿಯದೆ ಬಂದ ರೈತನನ್ನು ಹೃದ್ರೋಗಿಯೆಂದು ತಿಳಿಯುವುದು ಎಷ್ಟು ಸುಲಭವೆಂದು ಊಹಿಸಿಕೊಳ್ಳಿ.

ಈ ವೇಷವನ್ನು ಕಳಚಿದ ಕಥೆಯು ನಮ್ಮ ನೆರೆಯ ಮಹಾರಾಷ್ಟ್ರದ್ದು. ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಜಾಲ್ನಾ ಜಿಲ್ಲೆಯ ಹಳ್ಳಿಯೊಂದರ ಬಡ ಕುಟುಂಬದಲ್ಲಿ ಹುಟ್ಟಿ, ನಾಗಪುರದಲ್ಲಿ ವೈದ್ಯ ಪದವಿ ಪಡೆದು, 1976ರಲ್ಲಿ ಕೊಂಕಣದ ಮಹಾಡ್ ತಾಲ್ಲೂಕಿನ ಬಿರವಾಡಿ ಎಂಬ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರು. ಅಲ್ಲಿ ಚೇಳು ಕಡಿದ ಮಕ್ಕಳೂ ಕೂಲಿಕಾರರೂ ಅವರ ಕಣ್ಣೆದುರೇ ಸಾಯುತ್ತಿದ್ದರು. ಅಂದಿನ ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ತೃಪ್ತಿಕರ ಉತ್ತರವಿರಲಿಲ್ಲ. ಅವರು ರಾತ್ರಿಯೆಲ್ಲ ರೋಗಿಯ ಹಾಸಿಗೆಯ ಬಳಿ ಕುಳಿತು ನಾಡಿ, ರಕ್ತದೊತ್ತಡ, ಉಸಿರಾಟಗಳನ್ನು ಗಳಿಗೆ ಗಳಿಗೆಗೂ ಬರೆದಿಟ್ಟರು. ಸಾವು ಬರುತ್ತಿದ್ದುದು ಹೃದಯದ ಸೋಲಿನಿಂದ, ಶ್ವಾಸಕೋಶದಲ್ಲಿ ತುಂಬಿದ ನೀರಿನಿಂದ ಎಂಬುದನ್ನು ಕಂಡುಕೊಂಡರು. ಅಪಾಯ ಸಮೀಪಿಸುತ್ತಿರುವುದನ್ನು ಮೊದಲೇ ಸೂಚಿಸುವ ಲಕ್ಷಣಗಳನ್ನು ಗುರುತಿಸಿ 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮದ್ದು ದೊರೆತದ್ದು ಅಗ್ಗದ ಮಾತ್ರೆಯೊಂದರಲ್ಲಿ. ಪ್ರಾಜೋಸಿನ್ ಎಂಬ ರಕ್ತದೊತ್ತಡದ ಔಷಧವು ವಿಷ ಎಬ್ಬಿಸಿದ ಸ್ರಾವಗಳ ಹೊಡೆತದಿಂದ ಹೃದಯವನ್ನು ಕಾಯುವುದೆಂದು ಅವರು ತೋರಿಸಿದರು. ಅವರ ಪತ್ನಿ ಡಾ. ಪ್ರಮೋದಿನಿ ಬಾವಸ್ಕರ್ ಅವರೊಡಗೂಡಿ 1986ರಲ್ಲಿ ಅದೇ ಪತ್ರಿಕೆಯಲ್ಲಿ ಇದನ್ನು ಬರೆದರು. ಅವರ ವರದಿಗಳ ಪ್ರಕಾರ, ತೀವ್ರವಾಗಿ ವಿಷವೇರಿದವರಲ್ಲಿ ಹಿಂದೆ 100ಕ್ಕೆ 30ರಿಂದ 40 ಜನ ಸಾಯುತ್ತಿದ್ದುದು ಈ ಚಿಕಿತ್ಸೆಯ ಬಳಿಕ 1ರ ಆಸುಪಾಸಿಗೆ ಇಳಿಯಿತು. ಪ್ರಾಜೋಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ರೋಗಿಗಳು ಇನ್ನೂ ಬೇಗ ಚೇತರಿಸಿಕೊಳ್ಳುತ್ತಾರೆಂಬ ಅವರ ಅಧ್ಯಯನವು 2011ರಲ್ಲಿ ಬೆಳಕಿಗೆ ಬಂತು. 2022ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ದೊಡ್ಡ ಪ್ರಯೋಗಶಾಲೆಯಿಲ್ಲದ ಹಳ್ಳಿಯ ಆಸ್ಪತ್ರೆಯೊಂದರಲ್ಲಿ ಆರಂಭವಾದ ಈ ಶೋಧವು ಇಂದು ಚೇಳು ಕಡಿತಕ್ಕೆ ಚಿಕಿತ್ಸೆ ನೀಡುವ ಅನೇಕ ದೇಶಗಳ ವೈದ್ಯರಿಗೆ ಪರಿಚಿತವಾಗಿದೆ.

ಸೇಡಮಿನ ದಕ್ಷಿಣಕ್ಕೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನಲ್ಲಿ ಕಂದಕೂರು ಎಂಬ ಊರಿದೆ. ಅಲ್ಲಿನ ಕೊಂಡಮಾಯಿ ದೇವಿಯ ಬೆಟ್ಟದಲ್ಲಿ ನಾಗರ ಪಂಚಮಿಯಂದು ಚೇಳಿನ ಜಾತ್ರೆ ನಡೆಯುತ್ತದೆ. ಜನರು ಕಲ್ಲುಗಳನ್ನು ಎತ್ತಿ, ಅಡಿಯಲ್ಲಿರುವ ಚೇಳುಗಳನ್ನು ಹಿಡಿದು, ಅಂಗೈ, ಮುಖಗಳ ಮೇಲೆ ಬಿಟ್ಟುಕೊಳ್ಳುತ್ತಾರೆ. ನೆರೆಯವರ ನಂಬಿಕೆಯನ್ನು ತೂಗಿ ನೋಡುವುದು ಈ ಬರಹದ ಉದ್ದೇಶವಲ್ಲ. ಈ ಸೀಮೆಯ ಕಲ್ಲಿಗೂ ಚೇಳಿಗೂ ಮನುಷ್ಯನಿಗೂ ಎಷ್ಟು ಹಳೆಯ ಒಡನಾಟವಿದೆ ಎಂಬುದಕ್ಕೆ ಅದೊಂದು ಸಾಕ್ಷಿ. ಆದರೆ ಜಾತ್ರೆಯ ದಿನದ ಧೈರ್ಯವನ್ನು ವರ್ಷದ ಉಳಿದ ದಿನಗಳಿಗೆ ಒಯ್ಯುವುದು ಬೇಡ. ಚೇಳು ಕಡಿದ ಮಗುವಿಗೆ ಬೆವರು ಕಿತ್ತುಬಂದು ವಾಂತಿಯಾದರೆ, ಮಂತ್ರ ಹಾಕಿಸಲು, ಕಡಿದಲ್ಲಿ ಕೊಯ್ಯಲು, ಹಗ್ಗ ಬಿಗಿಯಲು ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಚೇಳಿನ ಬಣ್ಣ, ಗಾತ್ರ, ಕಡಿದ ಹೊತ್ತು ಇವನ್ನು ವೈದ್ಯರಿಗೆ ತಿಳಿಸಿ. ‘ಎದೆನೋವು’ ಎಂದಷ್ಟೇ ಹೇಳಿ, ಹಿಂದಿನ ರಾತ್ರಿ ಕಾಲಿಗೆ ಏನೋ ಚುಚ್ಚಿದಂತಾಗಿತ್ತು ಎಂಬುದನ್ನು ಮರೆಯಬೇಡಿ.

ಹಾಸನ ಕಲಿಸಿದ್ದು

ಇತ್ತೀಚಿನ ಒಂದು ಪ್ರಸಂಗವು ಈ ವಿಷಯವನ್ನು ಇಡೀ ಕರ್ನಾಟಕದ ಮುಂದಿಟ್ಟಿತು. 2025ರ ಮೇ ತಿಂಗಳ ಕೊನೆಯಿಂದ ಹಾಸನ ಜಿಲ್ಲೆಯಲ್ಲಿ ಹಠಾತ್ ಸಾವುಗಳ ಸುದ್ದಿ ಒಂದರ ಬೆನ್ನಿಗೊಂದು ಬಂತು. ಸತ್ತವರಲ್ಲಿ ಹರೆಯದವರೂ ಇದ್ದರು. ಎಲ್ಲಕ್ಕೂ ಹೃದಯಾಘಾತವೆಂಬ ಹೆಸರೇ ಬಿತ್ತು. ಭಯಗೊಂಡ ಜನ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಜುಲೈನಲ್ಲಿ ಬಂದ ವರದಿಯು 24 ಸಾವುಗಳನ್ನು ಪರಿಶೀಲಿಸಿ, 20 ಹೃದಯಕ್ಕೆ ಸಂಬಂಧಿಸಿದವು, 4 ಬೇರೆ ಕಾರಣಗಳಿಂದ ಆದವು ಎಂದು ತಿಳಿಸಿತು.

ಈ ಲೆಕ್ಕದಿಂದ ನಾವು ಎರಡು ಪಾಠಗಳನ್ನು ಕಲಿಯಬೇಕು. ಅಂಟಿಸಿದ ಹೆಸರು ಎಲ್ಲರಿಗೂ ಸಲ್ಲುತ್ತಿರಲಿಲ್ಲ.  ಹಾಗೆಂದು ಊರವರ ಅಂಜಿಕೆ ಬರೀ ಭ್ರಮೆಯೂ ಆಗಿರಲಿಲ್ಲ. ಹೆಚ್ಚಿನ ಸಾವುಗಳು ಹೃದಯಕ್ಕೆ ಸಂಬಂಧಿಸಿದವೇ ಆಗಿದ್ದವು. ಆದ್ದರಿಂದ, ಓದುಗ ಬಂಧುಗಳೇ, ಈ ಲೇಖನವನ್ನು ಓದಿ ‘ಎದೆನೋವಿಗೆ ಎಷ್ಟೊಂದು ಬೇರೆ ಕಾರಣಗಳಿವೆ, ನನ್ನದೂ ಅಂಥದ್ದೇ ಇರಬೇಕು’ ಎಂದು ಯಾರೂ ಮನೆಯಲ್ಲಿ ಕೂರಬಾರದು. ವೇಷಧಾರಿಗಳ ಚರಿತ್ರೆಯು ಹೇಳುವುದು ಇದಕ್ಕೆ ವಿರುದ್ಧವಾದ ಮಾತನ್ನೇ. ಹೆಬರ್ಡನ್ನರಿಂದ ಬಾವಸ್ಕರರವರೆಗೆ ಬಲ್ಲವರಾದ ವೈದ್ಯರೂ ನೋವಿನ ವರ್ಣನೆಯೊಂದನ್ನೇ ನಂಬಿ ಕೂರಲಿಲ್ಲ. ನೋಡಿ, ಅಳೆದು, ಬರೆದಿಟ್ಟು, ಆಮೇಲೆ ತೀರ್ಮಾನಿಸಿದರು. ಹೀಗಿರುವಾಗ ಹಾಸಿಗೆಯ ಬಳಿ ನಿಂತ ನಾವು ಊಹೆಯಿಂದ ತೀರ್ಮಾನಿಸುವುದು ತರವಲ್ಲ.

ನಾವು ಮಾಡಬೇಕಾದದ್ದು

ಎದೆಯ ನಡುವೆ ಒತ್ತಿದಂತೆ, ಹಿಸುಕಿದಂತೆ ಇರುವ ನೋವು ಕೆಲವು ನಿಮಿಷಗಳಿಗಿಂತ ಹೆಚ್ಚು ನಿಂತರೆ, ಅದು ತೋಳಿಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆಯ ಬೆವರು ಬಂದರೆ, ಉಸಿರು ಕಟ್ಟಿದರೆ, ಬೇರೆ ಕಾರಣವನ್ನು ಹುಡುಕುತ್ತ ಕೂರಬೇಡಿ. ಹೆಂಗಸರಲ್ಲಿ, ಮುದುಕರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಏದುಸಿರುಗಳ ರೂಪದಲ್ಲಿಯೂ ಹೃದಯಾಘಾತ ಬರಬಹುದು. 108ಕ್ಕೆ ಕರೆ ಮಾಡಿ. ರೋಗಿಯನ್ನು ತಾನೇ ಮೋಟಾರ್ ಸೈಕಲ್ ಓಡಿಸಿಕೊಂಡು ಹೋಗಲು ಬಿಡಬೇಡಿ. ಆಸ್ಪತ್ರೆಗೆ ಬಂದ 10 ನಿಮಿಷಗಳೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಲೋಕ ಒಪ್ಪಿರುವ ನಿಯಮ. ಅದನ್ನು ಕೇಳಲು ಸಂಕೋಚ ಬೇಡ. ಮೊದಲ ಇಸಿಜಿ ಸರಿಯಿದ್ದರೂ ವೈದ್ಯರು ಇನ್ನೊಂದು ತೆಗೆಯುವುದಕ್ಕೂ, ಹೃದಯದ ಸ್ನಾಯುವಿನಿಂದ ಸೋರುವ ಟ್ರೋಪೋನಿನ್ ಎಂಬ ಪದಾರ್ಥವನ್ನು ರಕ್ತದಲ್ಲಿ ಪರೀಕ್ಷಿಸುವುದಕ್ಕೂ ಕಾಯುವ ತಾಳ್ಮೆ ನಮಗಿರಲಿ.

ಇಲ್ಲಿ ಲೈಡನ್ ನಗರದ ಆ ಟೆಲಿಫೋನ್ ತಂತಿಯನ್ನು ನೆನಪಿಸಿಕೊಳ್ಳೋಣ. 2021ರ ಅಕ್ಟೋಬರ್ 29ರಂದು ಹಠಾತ್ತನೆ ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೆ ತಂದಿದೆ. ಇದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕೂಡಲೇ ನೋಡಿ ಸಲಹೆ ಕೊಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ. 1905ರಲ್ಲಿ ಒಂದೂವರೆ ಕಿಲೋಮೀಟರ್ ಸಾಗಿದ ಮಿಡಿತವು ಇಂದು ಜಿಲ್ಲೆಗಳನ್ನೇ ದಾಟುತ್ತಿದೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆಯ ಹೊಸ ಕಟ್ಟಡವೂ ಉದ್ಘಾಟನೆಯಾಗಿದೆ. ಈ ಭಾಗದ ಹೃದ್ರೋಗಿಯು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಾಗಿದ್ದ ದಿನಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಸಾಧನಗಳು ನಮ್ಮ ಹತ್ತಿರಕ್ಕೆ ಬಂದಿವೆ. ಮನೆಯ ಹೊಸ್ತಿಲಿನಿಂದ ಆಸ್ಪತ್ರೆಯ ಬಾಗಿಲಿನವರೆಗಿನ ದಾರಿಯನ್ನು ಮಾತ್ರ ನಾವೇ ನಡೆಯಬೇಕು. ಬಹುಪಾಲು ಹೊತ್ತು ಕಳೆದುಹೋಗುವುದು ಅಲ್ಲಿಯೇ. ಯಾರನ್ನು ಎಬ್ಬಿಸುವುದು, ಗಾಡಿ ಯಾರದು, ದುಡ್ಡು ಎಲ್ಲಿದೆ, ಬೆಳಗಾಗಲಿ ಬಿಡು ಎಂಬ ಮಾತುಗಳಲ್ಲಿ ಒಂದೊಂದು ಗಳಿಗೆಯೂ ಸೋರಿಹೋಗುತ್ತದೆ. ಈ ಸಂಜೆ ಊಟಕ್ಕೆ ಕುಳಿತಾಗ ಮನೆಮಂದಿಯೆಲ್ಲ ಸೇರಿ ಇದನ್ನು ಮಾತಾಡಿಕೊಳ್ಳಿ. ರಾತ್ರಿ ಎದೆನೋವು ಬಂದರೆ ಯಾರಿಗೆ ಕರೆ ಮಾಡುವುದು, ಯಾವ ಆಸ್ಪತ್ರೆಗೆ ಹೋಗುವುದು, ಮನೆಯ ಹಿರಿಯರು ನುಂಗುವ ಮಾತ್ರೆಗಳ ಚೀಟಿ ಎಲ್ಲಿದೆ ಎಂಬುದು ಮನೆಯ ಚಿಕ್ಕವರಿಗೂ ತಿಳಿದಿರಲಿ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕಿಯು ಬಾಗಿಲು ತಟ್ಟಿದರೆ ಎದ್ದು ಹೋಗಲು ನಾವು ಸಿದ್ಧರಿರೋಣ. ವೈದ್ಯರು ನೋಡಿ ‘ಇದು ಹೃದಯಾಘಾತವಲ್ಲ’ ಎಂದರೆ ನಕ್ಕು ಮನೆಗೆ ಮರಳೋಣ. ಅಂಥ ವ್ಯರ್ಥ ಪ್ರಯಾಣಕ್ಕಾಗಿ ಯಾರೂ ನಾಚಬೇಕಾಗಿಲ್ಲ.